ಮನೆಮಾತಿಗೆ ಇಳಿದ ದೇವರ ಮಾತು

ಇಂದಿನ ಬೆಲ್ಜಿಯಂ ದೇಶದಲ್ಲಿ, ಬ್ರಸೆಲ್ಸ್ ನಗರಕ್ಕೆ ಸಮೀಪದಲ್ಲಿ, ವಿಲ್ವೋರ್ಡ್ ಎಂಬ ಊರಿದೆ. ೧೫೩೫ರ ಚಳಿಗಾಲದಲ್ಲಿ ಅಲ್ಲಿನ ಕೋಟೆಯ ಸೆರೆಯಲ್ಲಿದ್ದ ಕೈದಿಯೊಬ್ಬನು ಮೇಲಧಿಕಾರಿಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಕಾಗದ ಬರೆದನು. ತಲೆಗೆ ವಿಪರೀತ ಶೀತವಾಗಿದೆ, ಬೆಚ್ಚನೆಯ ಟೊಪ್ಪಿಗೆಯೊಂದು ಬೇಕು. ತೊಟ್ಟಿರುವ ನಿಲುವಂಗಿ ಬಹಳ ತೆಳುವು, ದಪ್ಪನೆಯದೊಂದನ್ನು ಕೊಡಿಸಬೇಕು. ಸಂಜೆಯ ಹೊತ್ತು ದೀಪವಿಟ್ಟುಕೊಳ್ಳಲು ಅಪ್ಪಣೆಯಾಗಬೇಕು, ಕತ್ತಲೆಯಲ್ಲಿ ಒಬ್ಬನೇ ಕುಳಿತಿರುವುದು ಬಲು ಬೇಸರ — ಇವು ಅವನ ಬೇಡಿಕೆಗಳು. ಎಲ್ಲಕ್ಕಿಂತ ಹೆಚ್ಚಾಗಿ ಅವನು ಅಂಗಲಾಚಿ ಕೇಳಿಕೊಂಡದ್ದು ತನ್ನ ಹೀಬ್ರೂ ಬೈಬಲ್ಲು, ಹೀಬ್ರೂ ವ್ಯಾಕರಣ ಮತ್ತು ನಿಘಂಟುಗಳನ್ನು.

ಮರುವರ್ಷದ ಅಕ್ಟೋಬರಿನಲ್ಲಿ ಅವನನ್ನು ಕಂಬಕ್ಕೆ ಕಟ್ಟಿ, ಕೊರಳು ಬಿಗಿದು ಕೊಂದು, ದೇಹವನ್ನು ಸುಟ್ಟರು. ಅವನ ಹೆಸರು ವಿಲಿಯಂ ಟಿಂಡೇಲ್. ಹೊರಿಸಿದ ಅಪರಾಧ ಧರ್ಮದ್ರೋಹ. ಆ ದ್ರೋಹದ ಬುಡದಲ್ಲಿದ್ದದ್ದು ಒಂದು ಪುಸ್ತಕ. ತನ್ನ ನಾಡಿನ ಒಕ್ಕಲುಮಕ್ಕಳಿಗೂ ತಿಳಿಯುವ ಇಂಗ್ಲಿಷಿನಲ್ಲಿ ಅವನು ಬೈಬಲ್ಲನ್ನು ಬರೆದಿದ್ದನು.

ಇಂದು ನಾವು ಇಂಗ್ಲಿಷನ್ನು ವಿಜ್ಞಾನದ ಭಾಷೆಯೆಂದೂ ಉದ್ಯೋಗದ ಭಾಷೆಯೆಂದೂ ಕಲಿಯುತ್ತೇವೆ. ಜರ್ಮನ್ ಭಾಷೆಯನ್ನು ತತ್ತ್ವಶಾಸ್ತ್ರದ, ಯಂತ್ರವಿದ್ಯೆಯ ಭಾಷೆಯೆಂದು ಗೌರವಿಸುತ್ತೇವೆ. ಆದರೆ ಐದು ನೂರು ವರ್ಷಗಳ ಹಿಂದೆ ಪಂಡಿತರ ದೃಷ್ಟಿಯಲ್ಲಿ ಇವೆರಡೂ ಒಳಮನೆಗೆ ಸಲ್ಲದ, ಜಗುಲಿಯಲ್ಲೇ ನಿಲ್ಲಬೇಕಾದ ಆಡುಮಾತುಗಳು. ಅವುಗಳ ಕೈಹಿಡಿದು ಒಳಕ್ಕೆ ಕರೆತಂದದ್ದು ರಾಜಾಸ್ಥಾನವಲ್ಲ, ವಿಶ್ವವಿದ್ಯಾನಿಲಯವೂ ಅಲ್ಲ. ಧರ್ಮದ ಒಂದು ದೊಡ್ಡ ವ್ಯಾಜ್ಯ. ಆ ವ್ಯಾಜ್ಯದಲ್ಲಿ ಎಷ್ಟೋ ಜನ ಪ್ರಾಣ ತೆತ್ತರು. ಆದರೆ ಅದರ ಫಲವಾಗಿಯೇ ಎರಡು ಮಹಾಸಾಹಿತ್ಯಗಳು ತಮ್ಮ ಕಂಠವನ್ನು ಕಂಡುಕೊಂಡುವು.

ಬೀಗ ಹಾಕಿದ ಗ್ರಂಥ

ಮಧ್ಯಯುಗದ ಯೂರೋಪಿನಲ್ಲಿ ಧರ್ಮಗ್ರಂಥವೆಂದರೆ ಲ್ಯಾಟಿನ್ ಬೈಬಲ್ಲು. ಪೂಜೆ ಲ್ಯಾಟಿನ್, ಪ್ರಾರ್ಥನೆ ಲ್ಯಾಟಿನ್, ಶಾಸ್ತ್ರವಿಚಾರವೆಲ್ಲ ಲ್ಯಾಟಿನ್. ಭಾನುವಾರ ಇಗರ್ಜಿಗೆ ಹೋದ ರೈತ ಗೋಡೆಯ ಚಿತ್ರಗಳನ್ನು ನೋಡುತ್ತಿದ್ದನು, ಗಂಟೆಯ ನಾದವನ್ನು ಕೇಳುತ್ತಿದ್ದನು; ಪಾದ್ರಿ ಉಚ್ಚರಿಸಿದ ಮಂತ್ರದ ಅರ್ಥ ಮಾತ್ರ ಅವನಿಗೆ ದೂರ. ಇಂಗ್ಲೆಂಡಿನಲ್ಲಂತೂ ಬಿಷಪ್ಪರ ಅನುಮತಿಯಿಲ್ಲದೆ ಬೈಬಲ್ಲನ್ನು ಇಂಗ್ಲಿಷಿಗೆ ತಿರುಗಿಸಕೂಡದೆಂದು ೧೪೦೯ರಲ್ಲಿ ಕಟ್ಟಳೆಯೇ ಹೊರಟಿತು. ಜರ್ಮನಿಯಲ್ಲಿ ಇಷ್ಟು ಬಿಗಿ ಇರಲಿಲ್ಲ. ೧೪೬೬ರಲ್ಲಿಯೇ ಸ್ಟ್ರಾಸ್‌ಬರ್ಗಿನ ಮೆಂಟೆಲಿನ್ ಎಂಬ ಮುದ್ರಕ ಜರ್ಮನ್ ಬೈಬಲ್ಲೊಂದನ್ನು ಅಚ್ಚು ಹಾಕಿದ್ದನು. ಆದರೆ ಅದು ಲ್ಯಾಟಿನ್ ಪದಕ್ಕೆ ಪದವಿಟ್ಟು ಹೊಸೆದ ಭಾಷಾಂತರ; ಓದಿದರೆ ಜರ್ಮನ್ ಅಕ್ಷರದಲ್ಲಿ ಲ್ಯಾಟಿನ್ನೇ ಮಾತನಾಡಿದಂತಿತ್ತು.

ಎರಡು ಘಟನೆಗಳು ಈ ಸ್ಥಿತಿಯನ್ನು ಬದಲಿಸಿದುವು. ಹದಿನೈದನೆಯ ಶತಮಾನದ ಮಧ್ಯದಲ್ಲಿ ಗೂಟೆನ್‌ಬರ್ಗನು ಅಚ್ಚಿನ ಮೊಳೆಗಳನ್ನು ಜೋಡಿಸಿದನು. ೧೫೧೬ರಲ್ಲಿ ಎರಾಸ್ಮಸ್ ಎಂಬ ಮಹಾಪಂಡಿತನು ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಪ್ರಕಟಿಸಿದನು. ಮೂಲವೇ ಮೇಜಿನ ಮೇಲಿರುವಾಗ ಅದನ್ನು ಲ್ಯಾಟಿನ್ನಿನ ಕನ್ನಡಕದಲ್ಲಿ ನೋಡುವ ಅಗತ್ಯವೇನು? ಈ ಪ್ರಶ್ನೆ ಕೇಳುವವರು ಬೇಗನೆ ಬಂದರು.

ಕೋಟೆಯ ಕೊಠಡಿಯಲ್ಲಿ ಹನ್ನೊಂದು ವಾರ

ವಿಟ್ಟೆನ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಮಾರ್ಟಿನ್ ಲೂಥರ್ ಎಂಬ ಸಂನ್ಯಾಸಿ ೧೫೧೭ರಲ್ಲಿ ಪಾಪಪರಿಹಾರಪತ್ರಗಳ ಮಾರಾಟವನ್ನು ಖಂಡಿಸಿ ೯೫ ಸೂತ್ರಗಳನ್ನು ಹೊರಡಿಸಿದನು. ೧೫೨೧ರಲ್ಲಿ ವೋರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಸಮ್ಮುಖದಲ್ಲಿ ನಿಂತು, ತನ್ನ ಬರಹಗಳನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆನೆಂದನು. ಅವನನ್ನು, ಊರಿಗೆ ಮರಳುವ ದಾರಿಯಲ್ಲಿ, ಸ್ಯಾಕ್ಸನಿಯ ದೊರೆ ತನ್ನ ಜನರಿಂದಲೇ ಅಪಹರಣದ ನಟನೆ ಮಾಡಿಸಿ ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟನು. ಸಂನ್ಯಾಸಿ ಗಡ್ಡ ಬೆಳೆಸಿ, ಸರದಾರನ ವೇಷ ಧರಿಸಿ, ಬೇರೊಂದು ಹೆಸರಿನಲ್ಲಿ ಹತ್ತು ತಿಂಗಳು ಅಲ್ಲಿದ್ದನು.

ಆ ಅಜ್ಞಾತವಾಸದ ಕೊನೆಯಲ್ಲಿ, ಸುಮಾರು ಹನ್ನೊಂದು ವಾರಗಳ ಅವಧಿಯಲ್ಲಿ, ಅವನು ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಜರ್ಮನಿಗೆ ತಂದನು. ೧೫೨೨ರ ಸೆಪ್ಟೆಂಬರಿನಲ್ಲಿ ಅದು ಕ್ರಾನಾಖನ ಚಿತ್ರಗಳೊಡನೆ ಅಚ್ಚಾಯಿತು. ಡಿಸೆಂಬರಿಗೆ ಎರಡನೆಯ ಮುದ್ರಣ ಬೇಕಾಯಿತು! ಹಳೆಯ ಒಡಂಬಡಿಕೆಯೂ ಸೇರಿದ ಪೂರ್ಣ ಬೈಬಲ್ಲು ಹೊರಬಂದದ್ದು ೧೫೩೪ರಲ್ಲಿ.

ಲೂಥರನ ಯಶಸ್ಸಿನ ಗುಟ್ಟೇನು? ೧೫೩೦ರಲ್ಲಿ ಭಾಷಾಂತರವನ್ನು ಕುರಿತು ಬರೆದ ಬಹಿರಂಗ ಪತ್ರದಲ್ಲಿ ಅವನೇ ಅದನ್ನು ಹೇಳಿದ್ದಾನೆ. ಜರ್ಮನ್ ಹೇಗೆ ಆಡಬೇಕೆಂದು ಲ್ಯಾಟಿನ್ ಅಕ್ಷರಗಳನ್ನು ಕೇಳಬಾರದು. ಮನೆಯಲ್ಲಿರುವ ತಾಯಿಯನ್ನು, ಬೀದಿಯಲ್ಲಾಡುವ ಮಕ್ಕಳನ್ನು, ಸಂತೆಯಲ್ಲಿರುವ ಸಾಮಾನ್ಯನನ್ನು ಕೇಳಬೇಕು. ಅವರ ಬಾಯಿಯನ್ನೇ ನೋಡುತ್ತ ಅವರು ಆಡುವಂತೆ ಬರೆಯಬೇಕು ಎಂಬುದು ಅವನ ಮತ. ಹೇಳಿದಂತೆ ನಡೆದವನೂ ಹೌದು. ಯಜ್ಞಪಶುವಿನ ಅಂಗಾಂಗಗಳ ಹೆಸರು ಹೀಬ್ರೂ ಗ್ರಂಥದಲ್ಲಿ ಬಂದಾಗ, ಕಟುಕನಿಂದ ಕುರಿಗಳನ್ನು ಕೊಯ್ಯಿಸಿ ಒಂದೊಂದು ಭಾಗದ ಹೆಸರನ್ನೂ ಕೇಳಿ ಬರೆದುಕೊಂಡನಂತೆ. ರತ್ನಗಳ ಹೆಸರುಗಳು ಎದುರಾದಾಗ ದೊರೆಯ ಭಂಡಾರದ ಹರಳುಗಳನ್ನು ತರಿಸಿ ನೋಡಿದನು. ಒಂದೇ ಒಂದು ಪದಕ್ಕಾಗಿ ತಾನೂ ಜೊತೆಗಾರರೂ ವಾರಗಟ್ಟಲೆ ಹುಡುಕಾಡಿದ್ದುಂಟೆಂದು ಅವನೇ ಬರೆದಿದ್ದಾನೆ.

ಆಗಿನ ಜರ್ಮನಿಯಲ್ಲಿ ಪ್ರಾಂತಕ್ಕೊಂದು ಬಗೆಯ ನುಡಿ; ಉತ್ತರದವನ ಮಾತು ದಕ್ಷಿಣದವನಿಗೆ ತಿಳಿಯುವುದು ಕಷ್ಟ. ಲೂಥರನು ಸ್ಯಾಕ್ಸನಿಯ ಕಚೇರಿಯ ಭಾಷೆಯನ್ನು ಚೌಕಟ್ಟಾಗಿಟ್ಟುಕೊಂಡು ಅದರೊಳಗೆ ಜನರ ನುಡಿಗಟ್ಟನ್ನೂ ಗಾದೆಯ ಬಿಗುವನ್ನೂ ತುಂಬಿದನು. ಮನೆಮನೆಯಲ್ಲೂ ಒಂದೇ ಪುಸ್ತಕವನ್ನು ಓದಿದ ಜನ ಕ್ರಮೇಣ ಒಂದೇ ಬರಹದ ಭಾಷೆಗೆ ಒಲಿದರು. ಒಂದೇ ರಾಜ್ಯವಾಗುವುದಕ್ಕೆ ಮುನ್ನೂರು ವರ್ಷಗಳ ಮೊದಲೇ ಜರ್ಮನರು ಒಂದು ಭಾಷೆಯ ಜನರಾಗತೊಡಗಿದರು.

ಅವನನ್ನು ದೇವತೆಯನ್ನಾಗಿ ಮಾಡಬೇಕಾಗಿಲ್ಲ. ೧೫೨೫ರಲ್ಲಿ ದಂಗೆಯೆದ್ದ ರೈತರನ್ನು ಬಡಿದು ಅಡಗಿಸಿರೆಂದು ಬರೆದದ್ದೂ, ೧೫೪೩ರಲ್ಲಿ ಯೆಹೂದ್ಯರ ಮೇಲೆ ವಿಷ ಕಾರಿದ್ದೂ ಇದೇ ಲೇಖನಿ. ಜನರ ಮಾತಿಗೆ ಬಲ ಬಂದಾಗ ಆ ಬಲ ಹರಸಲೂ ಬಲ್ಲದು, ಶಪಿಸಲೂ ಬಲ್ಲದು.

ಬಟ್ಟೆಯ ಮೂಟೆಯಲ್ಲಿ ಬಂದ ಪುಸ್ತಕ

ಇನ್ನು ಟಿಂಡೇಲನ ಕಡೆಗೆ ತಿರುಗೋಣ. ಆಕ್ಸ್‌ಫರ್ಡಿನಲ್ಲಿ ಓದಿ, ಹಳ್ಳಿಯ ಶ್ರೀಮಂತನೊಬ್ಬನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಈ ತರುಣ, ಒಮ್ಮೆ ವಾದಕ್ಕೆ ಬಂದ ಪಂಡಿತನಿಗೆ, ದೇವರು ಆಯುಸ್ಸು ಕೊಟ್ಟರೆ ನೇಗಿಲು ಹಿಡಿದ ಹುಡುಗನಿಗೆ ಶಾಸ್ತ್ರ ನಿಮಗಿಂತ ಚೆನ್ನಾಗಿ ತಿಳಿಯುವಂತೆ ಮಾಡುವೆನೆಂದು ಶಪಥ ಮಾಡಿದನೆಂದು ಚರಿತ್ರಕಾರ ಫಾಕ್ಸ್ ಬರೆದಿದ್ದಾನೆ. ಲಂಡನ್ನಿನ ಬಿಷಪ್ ಟನ್‌ಸ್ಟಾಲನ ಆಶ್ರಯ ಬೇಡಿದನು, ದೊರೆಯಲಿಲ್ಲ. ೧೫೨೪ರಲ್ಲಿ ಸ್ವದೇಶವನ್ನು ಬಿಟ್ಟು ಜರ್ಮನಿಗೆ ಹೊರಟವನು ಮತ್ತೆ ಇಂಗ್ಲೆಂಡನ್ನು ಕಾಣಲಿಲ್ಲ.

ಕೊಲೋನ್ ನಗರದಲ್ಲಿ ಅಚ್ಚಿನ ಕೆಲಸ ಅರ್ಧದಲ್ಲಿರುವಾಗ ಸುದ್ದಿ ಹೊರಬಿದ್ದಿತು. ಅಚ್ಚಾದ ಹಾಳೆಗಳನ್ನು ಹೊತ್ತು ಟಿಂಡೇಲನು ರೈನ್ ನದಿಯಲ್ಲಿ ದೋಣಿಯೇರಿ ವೋರ್ಮ್ಸಿಗೆ ಓಡಿದನು. ಐದು ವರ್ಷಗಳ ಕೆಳಗೆ ಲೂಥರನು ಚಕ್ರವರ್ತಿಯೆದುರು ನಿಂತ ಊರೇ ಅದು. ೧೫೨೬ರಲ್ಲಿ ಅಲ್ಲಿ ಅಚ್ಚಾದ ಇಂಗ್ಲಿಷ್ ಹೊಸ ಒಡಂಬಡಿಕೆ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪುಸ್ತಕ, ಬಟ್ಟೆಯ ಮೂಟೆಗಳಲ್ಲಿ ಅಡಗಿ ಇಂಗ್ಲೆಂಡಿನ ಬಂದರುಗಳನ್ನು ಸೇರಿತು. ಬಿಷಪ್ಪನು ಸಿಕ್ಕಿದ ಪ್ರತಿಗಳನ್ನೆಲ್ಲ ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಬಳಿ ಸುಡಿಸಿದನು.

ಇಲ್ಲೊಂದು ಸ್ವಾರಸ್ಯವಾದ ಕಥೆಯನ್ನು ಆ ಕಾಲದ ಬಖೈರುಕಾರ ಹಾಲ್ ಹೇಳುತ್ತಾನೆ. ಸುಡುವುದಕ್ಕೆಂದು ಬಿಷಪ್ಪನು ಆಂಟ್‌ವರ್ಪಿನ ವರ್ತಕನೊಬ್ಬನ ಮೂಲಕ ಪ್ರತಿಗಳನ್ನು ಸಗಟಾಗಿ ಕೊಂಡನಂತೆ. ವರ್ತಕ ಆ ಹಣವನ್ನು ನೆಟ್ಟಗೆ ಟಿಂಡೇಲನಿಗೇ ಮುಟ್ಟಿಸಿದನು. ಹೀಗೆ ಪುಸ್ತಕಗಳು ಬಿಷಪ್ಪನಿಗೆ, ಹಣ ಟಿಂಡೇಲನಿಗೆ, ಕೃತಜ್ಞತೆ ವರ್ತಕನಿಗೆ! ಆ ಹಣದಿಂದ ತಿದ್ದಿದ ಮುದ್ರಣವೊಂದು ಸಿದ್ಧವಾಯಿತು.

ಆದರೆ ಇದು ಬರಿಯ ವಿನೋದವಲ್ಲ. ಜಗಳವಿದ್ದದ್ದು ಪದಗಳ ಮೇಲೆ. ಗ್ರೀಕ್ ಮೂಲದ ಪದವೊಂದಕ್ಕೆ ಎಲ್ಲರೂ ‘ಚರ್ಚ್’ ಎನ್ನುತ್ತಿದ್ದ ಕಡೆ ಟಿಂಡೇಲನು ‘ಸಭೆ’ ಎಂಬರ್ಥದ ಪದವಿಟ್ಟನು, ‘ಪುರೋಹಿತ’ನಿದ್ದ ಕಡೆ ‘ಹಿರಿಯ’ನನ್ನು ತಂದನು, ‘ದಾನಧರ್ಮ’ದ ವಾಸನೆಯಿದ್ದ ಪದವನ್ನು ತೆಗೆದು ‘ಪ್ರೀತಿ’ ಎಂದು ಬರೆದನು. ಮಹಾವಿದ್ವಾಂಸನಾದ ಸರ್ ಥಾಮಸ್ ಮೋರನು ಇದರ ಮೇಲೆ ನೂರಾರು ಪುಟಗಳ ಖಂಡನೆ ಬರೆದನು. ಸಭೆಯೊಂದೇ ಉಳಿದರೆ ಪೀಠವೆಲ್ಲಿ, ಹಿರಿಯನೊಬ್ಬನೇ ಉಳಿದರೆ ಪುರೋಹಿತನ ಅಧಿಕಾರವೆಲ್ಲಿ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ವಿಧಿಯ ವಿಲಾಸವನ್ನು ನೋಡಿ: ಪೋಪರ ಪರಮಾಧಿಕಾರವನ್ನು ಬಿಟ್ಟುಕೊಡದ ಮೋರನು ೧೫೩೫ರಲ್ಲಿ ಅರಸನ ಕೊಡಲಿಗೆ ತಲೆಯೊಡ್ಡಿದನು; ಅವನ ಎದುರಾಳಿ ಟಿಂಡೇಲನು ೧೫೩೬ರಲ್ಲಿ ಕಂಬವೇರಿದನು. ಇಬ್ಬರೂ ಸತ್ತದ್ದು ತಮ್ಮ ತಮ್ಮ ಅಂತಸ್ಸಾಕ್ಷಿಗಾಗಿ.

ಇಂಗ್ಲೆಂಡಿನ ಅರಸನ ಕಣ್ಣು ತೆರೆಯಲೆಂದು ಟಿಂಡೇಲನು ಕೊನೆಯುಸಿರಿನಲ್ಲಿ ಪ್ರಾರ್ಥಿಸಿದನೆಂದು ಫಾಕ್ಸ್ ಹೇಳುತ್ತಾನೆ. ಮೂರೇ ವರ್ಷಗಳಲ್ಲಿ, ೧೫೩೯ರಲ್ಲಿ, ಅದೇ ಎಂಟನೆಯ ಹೆನ್ರಿಯ ಅಪ್ಪಣೆಯಿಂದ ಇಂಗ್ಲಿಷ್ ಬೈಬಲ್ಲು ಇಗರ್ಜಿಗಳನ್ನು ಸೇರಿತು. ಅದರಲ್ಲಿ ಬಹುಪಾಲು ಟಿಂಡೇಲನದೇ ಮಾತು. ಒಂದನೆಯ ಜೇಮ್ಸನ ಕಾಲದಲ್ಲಿ ನಾಲ್ವತ್ತಕ್ಕೂ ಹೆಚ್ಚು ವಿದ್ವಾಂಸರು ಕೂಡಿ ಸಿದ್ಧಪಡಿಸಿದ ೧೬೧೧ರ ಸುಪ್ರಸಿದ್ಧ ಬೈಬಲ್ಲಿನಲ್ಲೂ, ಹೊಸ ಒಡಂಬಡಿಕೆಯ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಅವನದೆಂದು ಎಣಿಕೆ ಮಾಡಿದವರಿದ್ದಾರೆ. ಚಿಕ್ಕ ಪದ, ಚಿಕ್ಕ ವಾಕ್ಯ, ನಡೆಯುವವನ ಹೆಜ್ಜೆಯಂಥ ಲಯ — ಇಂಗ್ಲಿಷ್ ಗದ್ಯದ ಈ ಗುಣಗಳು ಅವನು ಹಾಕಿಕೊಟ್ಟ ದಾರಿ. ಅಂದು ಸಾವಿರಗಟ್ಟಲೆ ಅಚ್ಚಾದ ೧೫೨೬ರ ಪುಸ್ತಕದ ಮೂರೇ ಪ್ರತಿಗಳು ಇಂದು ಉಳಿದಿವೆ. ಅವುಗಳಲ್ಲಿ ಒಂದನ್ನು ೧೯೯೪ರಲ್ಲಿ ಬ್ರಿಟಿಷ್ ಗ್ರಂಥಭಂಡಾರವು ಹತ್ತು ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಕೊಂಡಿತು. ಬಿಷಪ್ಪನು ಸುಡಲು ಕೊಂಡ ಪುಸ್ತಕವನ್ನು ರಾಷ್ಟ್ರವೇ ಕಾಪಿಡಲು ಕೊಂಡಿತು!

ರಂಗಭೂಮಿಗೆ ಬಂದ ಸಂದೇಹ

ಧರ್ಮಗ್ರಂಥ ಕೈಗೆ ಬಂದಾಗ ಅದರ ಜೊತೆಗೆ ಒಂದು ಭಾರವೂ ಬಂದಿತು. ತನಗೂ ದೇವರಿಗೂ ನಡುವೆ ಪುರೋಹಿತನಿಲ್ಲವಾದರೆ, ತನ್ನ ಆತ್ಮದ ಲೆಕ್ಕವನ್ನು ತಾನೇ ಒಪ್ಪಿಸಬೇಕು. ಈ ಏಕಾಂತದ ಭಯ ಎರಡು ನಾಡುಗಳ ಸಾಹಿತ್ಯವನ್ನೂ ಒಳಮುಖವಾಗಿ ತಿರುಗಿಸಿತು.

೧೫೮೭ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಜ್ಞಾತ ಲೇಖಕನೊಬ್ಬನ ಕಿರುಹೊತ್ತಗೆ ಹೊರಟಿತು: ಜ್ಞಾನದಾಹದಿಂದ ಆತ್ಮವನ್ನು ಪಿಶಾಚಿಗೆ ಮಾರಿಕೊಂಡ ಡಾಕ್ಟರ್ ಫೌಸ್ಟನ ಕಥೆ. ಅದನ್ನು ಬರೆದವನ ಉದ್ದೇಶ ಓದುಗರನ್ನು ಹೆದರಿಸಿ ಎಚ್ಚರಿಸುವುದು. ಕೆಲವೇ ವರ್ಷಗಳಲ್ಲಿ ಅದು ಇಂಗ್ಲೆಂಡನ್ನು ಮುಟ್ಟಿ ಕ್ರಿಸ್ಟಫರ್ ಮಾರ್ಲೋವಿನ ಕೈಯಲ್ಲಿ ಮಹಾನಾಟಕವಾಯಿತು. ಪಶ್ಚಾತ್ತಾಪ ಪಡಲೂ ಆಗದೆ, ಪಡದಿರಲೂ ಆಗದೆ, ಕೊನೆಯ ಗಂಟೆಯನ್ನು ಎಣಿಸುವ ಫೌಸ್ಟಸನ ಮುಂದೆ ಹಳೆಯ ನೀತಿನಾಟಕಗಳ ಪಿಶಾಚಿಗಳು ಬೆದರುಬೊಂಬೆಗಳಂತೆ ತೋರುತ್ತವೆ. ಇಂಗ್ಲಿಷ್ ನಟರ ಅಲೆಮಾರಿ ತಂಡಗಳು ಈ ನಾಟಕವನ್ನು ಮತ್ತೆ ಜರ್ಮನಿಗೆ ಕೊಂಡೊಯ್ದುವು. ಅಲ್ಲಿ ಅದು ಸೂತ್ರದ ಬೊಂಬೆಯಾಟವಾಗಿ ಜಾತ್ರೆಗಳಲ್ಲಿ ಕುಣಿದು, ತರುಣ ಗಯಟೆಯ ಮನಸ್ಸನ್ನು ಹೊಕ್ಕು, ೧೮೦೮ರಲ್ಲಿ ‘ಫೌಸ್ಟ್’ ಕಾವ್ಯನಾಟಕದ ಮೊದಲ ಭಾಗವಾಗಿ ಹೊರಬಂದಿತು. ಅದರಲ್ಲಿ ಫೌಸ್ಟನು ಹೊಸ ಒಡಂಬಡಿಕೆಯನ್ನು ಬಿಚ್ಚಿಕೊಂಡು ಅದರ ಒಂದು ಪದವನ್ನು ತನ್ನ ಪ್ರೀತಿಯ ಜರ್ಮನಿಗೆ ತರಲು ಹೆಣಗುವ ದೃಶ್ಯವಿದೆ. ಲೂಥರನ ಕೊಠಡಿಯ ನೆನಪು ಇಲ್ಲದೆ ಆ ದೃಶ್ಯ ಹುಟ್ಟುತ್ತಿರಲಿಲ್ಲ.

ಷೇಕ್ಸ್‌ಪಿಯರನು ಯಾವ ಪಕ್ಷಕ್ಕೂ ಸಿಕ್ಕದವನು. ಆದರೂ ಅವನ ಹ್ಯಾಮ್ಲೆಟ್ ಓದುತ್ತಿದ್ದುದು ಲೂಥರನ ವಿಟ್ಟೆನ್‌ಬರ್ಗಿನಲ್ಲಿ. ಅವನ ತಂದೆಯ ಪ್ರೇತ ಬರುವುದಾದರೋ ಹಳೆಯ ಮತ ನಂಬುತ್ತಿದ್ದ, ಪಾಪ ತೊಳೆಯುವ ಬೆಂಕಿಯ ಲೋಕದಿಂದ! ಮಗ ಒಂದು ಮತದ ಶಾಲೆಯವನು, ತಂದೆ ಇನ್ನೊಂದು ಮತದ ಪರಲೋಕದವನು. ಹ್ಯಾಮ್ಲೆಟ್ಟನ ತಡವರಿಕೆಯಲ್ಲಿ ಒಂದು ತಲೆಮಾರಿನ ತಡವರಿಕೆಯೇ ಅಡಗಿದೆ.

ಯುದ್ಧದ ನಡುವೆ ಹಾಡು

೧೬೧೮ರಿಂದ ೧೬೪೮ರವರೆಗೆ ಜರ್ಮನ್ ನೆಲದ ಮೇಲೆ ಮೂವತ್ತು ವರ್ಷಗಳ ಯುದ್ಧ ನಡೆಯಿತು. ಮತದ ಹೆಸರಿನಲ್ಲಿ ಮೊದಲಾಗಿ, ರಾಜ್ಯದಾಹದಲ್ಲಿ ಮುಂದುವರಿದು, ಕ್ಷಾಮ, ಪ್ಲೇಗುಗಳನ್ನು ಕರೆತಂದ ಈ ಘೋರ ಕಾಲದಲ್ಲಿ ಜರ್ಮನ್ ಕಾವ್ಯ ಪ್ರೌಢವಾಯಿತು. ೧೬೧೬ರಲ್ಲಿ ಹುಟ್ಟಿ, ಬಾಲ್ಯವೆಲ್ಲ ಯುದ್ಧವನ್ನೇ ಕಂಡ ಆಂಡ್ರಿಯಾಸ್ ಗ್ರಿಫಿಯುಸ್, ಇಪ್ಪತ್ತರ ವಯಸ್ಸಿನಲ್ಲಿ ಬರೆದ ಸುನೀತವೊಂದರಲ್ಲಿ ಸುಟ್ಟ ಊರುಗಳನ್ನೂ ಹೆಣಗಳಿಂದ ಕಟ್ಟಿಕೊಂಡ ಹೊಳೆಗಳನ್ನೂ ವರ್ಣಿಸಿ, ಕಡೆಗೆ ಇವೆಲ್ಲಕ್ಕಿಂತ ಭೀಕರವಾದುದೆಂದರೆ ಜನರ ಆತ್ಮದ ನಿಧಿಯನ್ನೇ ದೋಚಿದ್ದು ಎನ್ನುತ್ತಾನೆ.

ಲೂಥರನು ಜನ ತಮ್ಮ ಭಾಷೆಯಲ್ಲಿ ಒಟ್ಟಾಗಿ ಹಾಡಲೆಂದು ಕೀರ್ತನೆಗಳನ್ನು ಬರೆದಿದ್ದನು. ೧೫೨೪ರಲ್ಲಿ ಅಚ್ಚಾದ ಎಂಟು ಹಾಡುಗಳ ಚಿಕ್ಕ ಪುಸ್ತಕದಲ್ಲಿ ನಾಲ್ಕು ಅವನವು. ಆ ಪರಂಪರೆಯ ಮಹಾಕವಿ ಪೌಲ್ ಗೆರ್ಹಾರ್ಟ್. ಅವನ ಐದು ಮಕ್ಕಳಲ್ಲಿ ನಾಲ್ವರು ಎಳೆತನದಲ್ಲಿಯೇ ತೀರಿಕೊಂಡರು. ದೊರೆಯ ಶಾಸನಕ್ಕೆ ರುಜು ಹಾಕಲೊಪ್ಪದೆ ಬರ್ಲಿನ್ನಿನ ಉದ್ಯೋಗವನ್ನೂ ಕಳೆದುಕೊಂಡನು. ಆದರೂ ಅವನ ಹಾಡುಗಳಲ್ಲಿ ಬೇಸಗೆಯ ತೋಟದ ಹೂವೂ ಬೆಳಗಿನ ಬಿಸಿಲೂ ಇವೆ. ನೂರು ವರ್ಷಗಳೊಳಗೆ ಬಾಖನು ಅವನ ಪದ್ಯಗಳನ್ನೂ ಲೂಥರನ ಬೈಬಲ್ಲನ್ನೂ ಕೂಡಿಸಿ ಯೇಸುವಿನ ಯಾತನೆಯ ಮಹಾಗಾನವನ್ನು ಕಟ್ಟಿದನು.

ಹೃದಯವಂತಿಕೆ ಒಂದೇ ಪಂಥದ ಸೊತ್ತಲ್ಲ. ಕ್ಯಾಥೊಲಿಕ್ ಪಾದ್ರಿಯೂ ಕವಿಯೂ ಆದ ಫ್ರೀಡ್ರಿಖ್ ಷ್ಪೇ, ಮಾಟಗಾತಿಯರೆಂದು ಹೆಂಗಸರನ್ನು ಹಿಂಸಿಸಿ ಸುಡುತ್ತಿದ್ದ ಕಾಲದಲ್ಲಿ, ಚಿತ್ರಹಿಂಸೆ ಯಾರಿಂದ ಏನನ್ನು ಬೇಕಾದರೂ ಒಪ್ಪಿಸಬಲ್ಲುದೆಂದು ೧೬೩೧ರಲ್ಲಿ ಧೈರ್ಯವಾಗಿ ಬರೆದನು. ಗಾಯಗೊಂಡ, ರೋಗಪೀಡಿತರಾದ ಸೈನಿಕರ ಶುಶ್ರೂಷೆ ಮಾಡುತ್ತ ೧೬೩೫ರಲ್ಲಿ ತೀರಿಕೊಂಡನು. ಅದೇ ಯುದ್ಧದಲ್ಲಿ ಬೆಳೆದ ಗ್ರಿಮ್ಮೆಲ್ಸ್‌ಹೌಸೆನ್ ೧೬೬೮ರಲ್ಲಿ ಹೊರತಂದ ‘ಸಿಂಪ್ಲಿಸಿಸ್ಸಿಮುಸ್’ ಕಾದಂಬರಿಯಲ್ಲಿ, ಮನೆ ಸುಟ್ಟುಹೋದ ಹಳ್ಳಿಯ ಹುಡುಗನಿಗೆ ಕಾಡಿನ ತಪಸ್ವಿಯೊಬ್ಬ ಓದನ್ನೂ ಪ್ರಾರ್ಥನೆಯನ್ನೂ ಕಲಿಸುತ್ತಾನೆ. ಲೋಕದ ಪೋಲಿತನವನ್ನೆಲ್ಲ ಸುತ್ತಿ ಬಂದ ಹುಡುಗ ಕಡೆಗೆ ತಾನೂ ತಪಸ್ವಿಯಾಗುತ್ತಾನೆ. ನಗುವಿನ ಕೆಳಗೆ ಅಷ್ಟು ದುಃಖವಿರುವ ಕಾದಂಬರಿ ವಿರಳ.

ಕುರುಡ ಕವಿ, ಸೆರೆಯ ಕಲಾಯಿಗಾರ

ಇಂಗ್ಲೆಂಡಿನಲ್ಲಿಯೂ ಅದೇ ಶತಮಾನದಲ್ಲಿ ಅಂತರ್ಯುದ್ಧ ನಡೆದು ಅರಸನ ತಲೆ ಉರುಳಿತು. ಅರಸನ ವಧೆಯನ್ನು ಸಮರ್ಥಿಸಿದ ಜಾನ್ ಮಿಲ್ಟನನು ೧೬೫೨ರ ಹೊತ್ತಿಗೆ ಸಂಪೂರ್ಣ ಕುರುಡನಾದನು. ೧೬೬೦ರಲ್ಲಿ ಅರಸೊತ್ತಿಗೆ ಮರಳಿದಾಗ ಅವನ ಪುಸ್ತಕಗಳನ್ನು ಸುಟ್ಟರು, ಅವನನ್ನು ಕೆಲಕಾಲ ಬಂಧಿಸಿದರು. ನಂಬಿದ್ದೆಲ್ಲ ಕುಸಿದ ಮೇಲೆ, ಕತ್ತಲೆಯಲ್ಲಿ ಕುಳಿತು, ಬಾಯಿಂದ ಹೇಳಿ ಬರೆಸಿದ್ದು ‘ಪ್ಯಾರಡೈಸ್ ಲಾಸ್ಟ್’. ೧೬೬೭ರಲ್ಲಿ ಪ್ರಕಾಶಕನು ಕೈಗೆ ಕೊಟ್ಟದ್ದು ಐದು ಪೌಂಡು!

ಮಿಲ್ಟನನು ಘನಪಂಡಿತ. ಜಾನ್ ಬನಿಯನ್ನನಾದರೋ ಬೆಡ್‌ಫರ್ಡಿನ ಬಳಿಯ ಹಳ್ಳಿಯವನು, ಪಾತ್ರೆಗಳಿಗೆ ಬೆಸುಗೆ ಹಾಕುವ ಕಲಾಯಿಗಾರನ ಮಗ, ತಾನೂ ಅದೇ ಕಸುಬಿನವನು. ಅನುಮತಿಯಿಲ್ಲದೆ ಧರ್ಮೋಪದೇಶ ಮಾಡಿದನೆಂದು ೧೬೬೦ರಲ್ಲಿ ಹಿಡಿದು ಹನ್ನೆರಡು ವರ್ಷ ಸೆರೆಯಲ್ಲಿಟ್ಟರು. ಇನ್ನು ಉಪದೇಶ ಮಾಡುವುದಿಲ್ಲವೆಂದು ಒಂದು ಮಾತು ಕೊಟ್ಟಿದ್ದರೆ ಬಾಗಿಲು ತೆರೆಯುತ್ತಿತ್ತು. ಹೊರಗೆ ಹೆಂಡತಿ, ಮಕ್ಕಳು. ಹಿರಿಯ ಮಗಳಿಗೆ ಕಣ್ಣಿಲ್ಲ. ಆ ಕುರುಡು ಕೂಸಿನ ನೆನಪಾದಾಗಲೆಲ್ಲ ಎದೆ ಒಡೆಯುತ್ತಿತ್ತೆಂದು ಅವನು ಆತ್ಮಕಥೆಯಲ್ಲಿ ಬರೆದಿದ್ದಾನೆ. ಸೆರೆಯಲ್ಲಿ ಲಾಡಿಗಳಿಗೆ ಲೋಹದ ತುದಿ ಕಟ್ಟಿ ಅವರ ಹೊಟ್ಟೆ ಹೊರೆದನು. ಆದರೆ ಆ ಒಂದು ಮಾತು ಕೊಡಲಿಲ್ಲ. ೧೬೭೮ರಲ್ಲಿ ಅವನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಹೊರಬಂದಿತು. ಬೆನ್ನಮೇಲೆ ಪಾಪದ ಹೊರೆ ಹೊತ್ತು ದೇವರ ಪಟ್ಟಣಕ್ಕೆ ನಡೆಯುವ ಯಾತ್ರಿಕನ ಕಥೆಯಲ್ಲಿ ಕೆಸರೂ ಇದೆ, ಸಂತೆಯೂ ಇದೆ, ಹಳ್ಳಿಯ ಹರಟೆಮಲ್ಲರೂ ಇದ್ದಾರೆ. ಟಿಂಡೇಲನು ನೇಗಿಲಿನ ಹುಡುಗನ ಕೈಗೆ ಪುಸ್ತಕ ಕೊಡುವೆನೆಂದಿದ್ದನು. ನೂರೈವತ್ತು ವರ್ಷಗಳಲ್ಲಿ ಕಲಾಯಿಗಾರನೇ ಪುಸ್ತಕ ಬರೆದನು!

ನಮ್ಮ ಮೇಜಿನ ಮೇಲಿನ ನಿಘಂಟು

ಈ ಕಥೆಯ ಒಂದು ಕವಲು ನಮ್ಮ ನೆಲಕ್ಕೂ ಹರಿದಿದೆ. ಹದಿನೇಳನೆಯ ಶತಮಾನದ ಕೊನೆಗೆ ಜರ್ಮನಿಯಲ್ಲಿ ಮನೆಮನೆಯ ಭಕ್ತಿಗೂ ಬೈಬಲ್ಲಿನ ಓದಿಗೂ ಒತ್ತುಕೊಟ್ಟ ಹೊಸ ಚಳವಳಿ ಹುಟ್ಟಿತು. ಆ ವಾತಾವರಣದಲ್ಲಿಯೇ ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಂದು ಮಿಷನ್ ಸ್ಥಾಪನೆಯಾಯಿತು. ೧೮೩೪ರಲ್ಲಿ ಅದು ಮಂಗಳೂರಿಗೆ ಬಂದಿತು. ಲೂಥರನ ಬೈಬಲ್ಲನ್ನೂ ಗೆರ್ಹಾರ್ಟನ ಹಾಡುಗಳನ್ನೂ ಕೇಳುತ್ತ ಬೆಳೆದ ಜನ ಅವರು. ಅವರ ಉದ್ದೇಶ ಮತಪ್ರಚಾರವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ದೇವರ ಮಾತನ್ನು ಜನರ ಮಾತಿನಲ್ಲಿಯೇ ಹೇಳಬೇಕೆಂಬ ಹಟ ಅವರಿಗೆ ಪಿತ್ರಾರ್ಜಿತ. ಅದಕ್ಕಾಗಿ ಅವರು ಜನರ ಮಾತನ್ನು ಕಲಿತರು. ೧೮೪೩ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. ಬನಿಯನ್ನನ ಗ್ರಂಥ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡಿಗರ ಕೈಸೇರಿತು. ೧೮೯೪ರಲ್ಲಿ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು.

ಕನ್ನಡ ಕಲಿಸುವ ನನ್ನಂಥವನ ಮೇಜಿನ ಮೇಲೆ ಆ ನಿಘಂಟು ಸದಾ ಇರುತ್ತದೆ. ಹಳಗನ್ನಡ ಕಾವ್ಯದ ಪದವೊಂದನ್ನು ಹುಡುಕಲು ಪುಟ ತಿರುವಿದರೆ, ಪಕ್ಕದಲ್ಲಿಯೇ ನಮ್ಮ ಅಜ್ಜಿಯಂದಿರು ಆಡುತ್ತಿದ್ದ ಗಾದೆಯೊಂದು ಎದುರಾಗುತ್ತದೆ. ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ಪಂಪನ ಭಾಷೆಯೊಡನೆ ಅಡುಗೆಮನೆಯ ಮಾತಿಗೂ ಹಾಗೆ ಮಣೆ ಹಾಕಿದ್ದೇಕೆಂದು ಬಹುಕಾಲ ಯೋಚಿಸುತ್ತಿದ್ದೆ. ಮನೆಯ ತಾಯಿಯನ್ನು ಕೇಳಬೇಕು, ಬೀದಿಯ ಮಕ್ಕಳನ್ನು ಕೇಳಬೇಕೆಂದ ಲೂಥರನ ಪತ್ರವನ್ನು ಓದಿದ ದಿನ ನನಗೆ ಉತ್ತರ ಹೊಳೆಯಿತು.

ಬೆಚ್ಚನೆಯ ಟೊಪ್ಪಿಗೆಯೊಂದನ್ನು, ದೀಪವೊಂದನ್ನು, ಒಂದು ನಿಘಂಟನ್ನು ಬೇಡಿದ ವಿಲ್ವೋರ್ಡಿನ ಕೈದಿ ನೆನಪಿಗೆ ಬರುತ್ತಾನೆ. ನಮಗಿಂದು ದೀಪಕ್ಕೆ ಕೊರತೆಯಿಲ್ಲ, ನಿಘಂಟಿಗೂ ಕೊರತೆಯಿಲ್ಲ. ಯಾವ ಭಾಷೆಯಲ್ಲಿ ಓದಿದರೂ ಯಾರೂ ನಮ್ಮನ್ನು ಕಂಬಕ್ಕೆ ಕಟ್ಟುವುದಿಲ್ಲ. ಮನೆಯಲ್ಲಾಡುವ ಮಾತು ಘನವಾದ ವಿಷಯಕ್ಕೆ ಸಾಲದೆಂದು ನಾಚುವ ಮುನ್ನ, ಅದು ಸಾಲುವುದೆಂದು ತೋರಿಸಲು ಒಬ್ಬನು ಪ್ರಾಣವನ್ನೇ ಕೊಟ್ಟನೆಂಬುದನ್ನು ನಾವು ಒಮ್ಮೆ ನೆನೆದರೆ ಸಾಕು.